ಮಾಬುಬಿಯ ತಿರುಪಿನ ತೋಳು

ಶಿವನಗೌಡರು ಷೋಕಿಗಾಗಿ ಕಾರನ್ನು ನೆಲಮಟ್ಟಕ್ಕೆ ಇಳಿಸಿದ್ದರು. ಹಿಂದಿನ ಚಕ್ರಗಳು ಒಳಕ್ಕೆ ವಾಲಿ ಟೈರು ಸವೆಯತೊಡಗಿದವು. ಗೌಡರು ವೆಲ್ಡರ್ ಮಾಬುಬಿಯ ಶೆಡ್ಡಿಗೆ ಬಂದು ಗುಡುಗಿದರು: "ಚಕ್ರ ಹಿಡಿಯೋ ತೋಳು ಹೊಸಾವು ಮಾಡು. ಅಳತಿ ಕೂದಲೆಳೆ ತಪ್ಪಿದ್ರೂ ಶೆಡ್ಡಿಗೆ ಬೀಗ! ಜಾಗ ನಂದು, ನೆನಪಿರಲಿ."

ಗೌಡರು ಆಗಾಗ ಕಾರನ್ನು ಇನ್ನಷ್ಟು ಇಳಿಸುವವರು. ಇಳಿಸಿದಾಗಲೆಲ್ಲ ತೋಳಿನ ಉದ್ದವೂ ಬದಲಾಗಬೇಕು; ಯಾವ ಅಳತೆ ತಾನೇ ನಿಂತೀತು? ಮಾಬುಬಿ ಹಳೇ ಟ್ರ್ಯಾಕ್ಟರುಗಳ ತಿರುಪಿನ ರಾಡು ತಂದಳು. ತಿರುವಿದರೆ ಉದ್ದ, ಮರಳಿ ತಿರುವಿದರೆ ಗಿಡ್ಡ. ಅವನ್ನೇ ತೋಳಾಗಿ ಬೆಸೆದು ಕೂರಿಸಿ, ಗೌಡರ ಕೈಗೆ ಸ್ಪ್ಯಾನರ್ ಕೊಟ್ಟಳು.

"ಅಳತಿ ನೀವ ಇಡ್ರಿ ಗೌಡ್ರ. ನಿಮ್ಮಂಗ ನಮಗೆಲ್ಲಿ ಬರತೈತ್ರಿ?"

ಬಿಳಿ ಅಂಗಿಯಲ್ಲೇ ಗೌಡರು ಕಾರಿನಡಿ ತೂರಿದರು. ರಾಡು ತಿರುವಿದಂತೆ ಚಕ್ರ ನೆಟ್ಟಗಾಯಿತು. ಗ್ರೀಸ್ ಮೆತ್ತಿದ ಮುಖದಲ್ಲಿ ನಗುತ್ತ ಎದ್ದರು.

ಮರುವಾರ ಶೆಡ್ಡಿನ ಮುಂದೆ, ಅಂಥದೇ ತೋಳು ಬೇಕೆಂದು ಬಂದವರ ಇಳಿಸಿದ ಕಾರುಗಳ ಸಾಲು. ಸ್ಪ್ಯಾನರ್ ಹೇಗೆ ಹಿಡಿಯಬೇಕೆಂದು ಎಲ್ಲರಿಗೂ ಗೌಡರೇ ಕಲಿಸುತ್ತಿದ್ದರು.