ಸತ್ತವನ ಅರಗಿನ ಬಿಲ್ಲೆ

"ಕೇಳಿರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೇರುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಎಣ್ಣೆಯಂಗಡಿ ನೀಲವ್ವನಿಗೆ ಗಲ್ಲು!"

ಡಂಗುರ ಕೇಳಿ ಪೇಟೆಯ ಬಾಗಿಲುಗಳೆಲ್ಲ ಮುಚ್ಚಿಕೊಂಡವು.

ಯುದ್ಧ ಶುರುವಾದಾಗಿನಿಂದ ಅಲ್ಲಿ ಕಾಸೇ ಸಿಗುತ್ತಿರಲಿಲ್ಲ. ಚಿಲ್ಲರೆಗೆ ಬದಲು ಅಂಗಡಿಯವರು ತಮ್ಮ ಗುರುತು ಒತ್ತಿದ ಅರಗಿನ ಬಿಲ್ಲೆ ಕೊಡುತ್ತಿದ್ದರು; ಅದನ್ನು ಮರಳಿ ತಂದರೆ ಅಷ್ಟರ ಸರಕು ಸಿಗುತ್ತಿತ್ತು. ನೀಲವ್ವನ ಗಂಡ ಚೆನ್ನಮಲ್ಲ ಯುದ್ಧಕ್ಕೆ ಹೋಗಿ ಸತ್ತ, ಅಂಗಡಿ ಮುಚ್ಚಿತು. ಅವನ ಗಾಣದ ಗುರುತಿನ ಬಿಲ್ಲೆಯನ್ನು ಮಾತ್ರ ಜನ ಬೇಡ ಎನ್ನಲಿಲ್ಲ. ಇದರಲ್ಲೇನೋ ಸಂಚಿದೆ ಎಂದು ಅರಸ ನೀಲವ್ವನನ್ನು ಸೆರೆಗೆ ಹಾಕಿದ್ದ.

ಆಸೆಗೆ ಬಿದ್ದು ಮೊದಲು ಹೋದವನು ಆಸ್ಥಾನದ ಜೋಯಿಸ, ಆಮೇಲೆ ಒಬ್ಬ ದಳವಾಯಿ. ಇಬ್ಬರ ತಲೆಯೂ ಬಾಗಿಲಿಗೇರಿತು. ಅವುಗಳ ಕೆಳಗೇ ಹಾದು ಒಳಗೆ ಹೋದವನು ಚೆನ್ನಮಲ್ಲನ ತಮ್ಮ, ಮಂಡಕ್ಕಿ ಹುರಿಯುವ ಗುರುಬಸ. ಹೆಗಲಲ್ಲಿ ಮಂಡಕ್ಕಿ ಚೀಲ.

ಮೊದಲು ಕೈಯಿಂದ ಕೈಗೆ ಓಡಾಡುತ್ತಿದ್ದುದು ಈಗ ಎತ್ತರದಲ್ಲಿ ಕೂತು ಗುಡುಗುತ್ತದೆ, ಏನದು ಎಂದ ಅರಸ. ಜೋಯಿಸ ಇದಕ್ಕೆ ಮೋಡ ಎಂದು ಹೇಳಿ ಕೆಟ್ಟಿದ್ದ.

"ತಾಮ್ರದ ಕಾಸು, ದೊರೆ. ಕರಗಿಸಿ ಕೋಟೆ ಮೇಲಿನ ಫಿರಂಗಿ ಮಾಡಿಸಿದಿರಿ."

ತನ್ನೂರಲ್ಲಿ ಅನ್ನ ಕೊಡುತ್ತದೆ, ಹೊಳೆ ದಾಟಿದರೆ ಕಸ, ಏನದು? ದಳವಾಯಿ ಇದಕ್ಕೆ ಗೌಡಿಕೆ ಎಂದಿದ್ದ. ಅದೇನೂ ಪೂರ್ತಿ ಸುಳ್ಳಲ್ಲ, ಆದರೆ ತಲೆ ಉಳಿಯಲಿಲ್ಲ. ಗುರುಬಸ ಅಂಗಡಿಯವರ ಬಿಲ್ಲೆ ಎಂದ. ಗುರುತು ಬಲ್ಲವರಿಲ್ಲದ ಕಡೆ ಅದು ಬರೀ ಅರಗು.

ಅರಸ ಸೊಂಟದಿಂದ ಗಾಣದ ಗುರುತಿನ ಒಂದು ಬಿಲ್ಲೆ ತೆಗೆದ. ಅವನ ದನಿ ತಗ್ಗಿತು. "ಸತ್ತ ನನ್ನ ಸಿಪಾಯಿಯೊಬ್ಬನ ಹತ್ತಿರ ಸಿಕ್ಕಿದ್ದು ಇದು. ಯಜಮಾನನೇ ಇಲ್ಲದ ಈ ಬಿಲ್ಲೆಗೆ ಬೆಲೆ ಕೊಡುತ್ತಿರುವವರು ಯಾರು?"

ಇದರ ಉತ್ತರ ಅರಸನಿಗೂ ಗೊತ್ತಿರಲಿಲ್ಲ. ತನ್ನ ಪೇಟೆಯನ್ನು ಸತ್ತವನೊಬ್ಬ ಆಳುತ್ತಿದ್ದಾನೆಂದು ಅವನೂ ಹೆದರಿದ್ದ.

ನಿಜ ಹೇಳಿದರೆ ಗುರುಬಸನ ಕುತ್ತಿಗೆ, ಹೇಳದಿದ್ದರೆ ಅತ್ತಿಗೆಯದು. ಚೀಲದೊಳಗೆ ಕೈಹಾಕಿ ಒಂದು ಗಂಟು ತೆಗೆದು ಬಿಚ್ಚಿದ. ಅದರ ತುಂಬ ಅಣ್ಣನ ಬಿಲ್ಲೆಗಳು.

"ನಾನೇ, ದೊರೆ. ಎಣ್ಣೆ ಕೊಡೋ ಶಕ್ತಿ ನನಗಿರಲಿಲ್ಲ. ಬಿಲ್ಲೆ ತಂದವರಿಗೆ ಒಂದು ಬೊಗಸೆ ಮಂಡಕ್ಕಿ ಕೊಟ್ಟು ಕೂಡಿಹಾಕ್ತಿದ್ದೆ. ಅಣ್ಣ ಮಾತು ಉಳಿಸಿಕೊಳ್ಳದೆ ಸತ್ತ ಅಂತ ಯಾರೂ ಅನ್ನಬಾರದು. ಅತ್ತಿಗೆಗೆ ಇದ್ಯಾವುದೂ ಗೊತ್ತಿಲ್ಲ."

ಪಕ್ಕದಲ್ಲಿ ಕತ್ತಿ ಹಿಡಿದು ನಿಂತಿದ್ದ ತಲೆ ಕಡಿಯುವವನು ಅಪ್ಪಣೆಗಾಗಿ ಅರಸನ ಮುಖ ನೋಡಿದ.

"ಹೇಳೋಕೆ ಹೆದರಿಕೆಯಾಗಲಿಲ್ಲವೇ?" ಎಂದ ಅರಸ.

"ಈಗಲೂ ಆಗ್ತಿದೆ, ದೊರೆ."

ಅರಸ ಉತ್ತರ ಒಪ್ಪಿ ಬೇಕಾದ್ದು ಕೇಳೆಂದಾಗ ಗುರುಬಸ ಅತ್ತಿಗೆಯೊಬ್ಬಳನ್ನೇ ಕೇಳಿದ. ಅರಸ ಅವಳನ್ನು ಬಿಡಿಸಿ, ಒಂದು ಫಿರಂಗಿ ಇಳಿಸಿ ಮತ್ತೆ ಕಾಸು ಹೊಡೆಸಲು ಅಪ್ಪಣೆ ಕೊಟ್ಟ. ಆಮೇಲೆ ಕೈಯಲ್ಲಿದ್ದ ಬಿಲ್ಲೆಯನ್ನು ಮುಂದೆ ಚಾಚಿದ.

"ಇದಕ್ಕೂ ಸಿಗುತ್ತದೆಯೇ?"

ಗುರುಬಸ ಅದನ್ನು ಈಸಿಕೊಂಡು ಗಂಟಿಗೆ ಹಾಕಿದ. ಎಲ್ಲರಿಗೂ ಕೊಡುವಷ್ಟೇ, ಒಂದು ಬೊಗಸೆ ಮಂಡಕ್ಕಿ ಅರಸನ ಉತ್ತರೀಯಕ್ಕೆ ಸುರಿದ.