ಕರ್ನಲ್ ಕೋಟಿನೊಳಗಿನ ಗುಲಾಮ

ಅಮೆರಿಕಕ್ಕೆ ಆಗತಾನೆ ಸ್ವಾತಂತ್ರ್ಯ ಬಂದಿತ್ತು. ವರ್ಜೀನಿಯಾದ ಕರ್ನಲ್ ಪೆಂಬ್ರೂಕನಿಗೆ ಸ್ವಾತಂತ್ರ್ಯವೀರನ ಠೀವಿಯಲ್ಲಿ ಚಿತ್ರ ಬರೆಸಿಕೊಳ್ಳುವ ಹುಚ್ಚು. ಗಂಟೆಗಟ್ಟಲೆ ನಿಲ್ಲಲು ಅವನ ಡೊಳ್ಳು ಹೊಟ್ಟೆ ಬಿಡಲಿಲ್ಲ. ಮುಖ ಆಮೇಲೆ ಬರೆಯಲು ಚಿತ್ರಗಾರನಿಗೆ ಹೇಳಿ, ಗುಲಾಮ ಕ್ವಾಶನಿಗೆ ತನ್ನ ಕೋಟು ತೊಡಿಸಿ ನಿಲ್ಲಿಸಿದ.

"ಕೈಲೊಂದು ಕಾಗದ ಹಿಡಿಯೋ. ಸ್ವಾತಂತ್ರ್ಯ ಕೊಟ್ಟವನು ನಾನು ಅಂತ ಜನ ನೋಡಲಿ!"

"ಖಾಲಿ ಕಾಗದ ಕಂಡರೆ ನಗ್ತಾರೆ ಧಣಿ. ಒಬ್ಬ ಗುಲಾಮನ ಬಿಡುಗಡೆ ಪತ್ರ ಬರೆದುಕೊಡಿ. ನನ್ನ ಹೆಸರೇ ಸಾಕು."

ಊಟಕ್ಕೆ ಬಂದಿದ್ದ ನ್ಯಾಯಾಧೀಶ "ಭಲೇ!" ಎಂದ. ಕರ್ನಲ್ ಉಬ್ಬಿ ಪತ್ರ ಬರೆದು ಸಹಿ ಹಾಕಿದ. ನ್ಯಾಯಾಧೀಶ ಸಾಕ್ಷಿ ಹಾಕಿದ.

ಮೈ ಬರೆದು ಮುಗಿಯಿತು. ಕ್ವಾಶ ಕೋಟು ಕಳಚಿ, ಕಾಗದ ಮಡಚಿಕೊಂಡು ಬಾಗಿಲಿಗೆ ನಡೆದ.

"ಲೋ, ಅದು ಬರೀ ಚಿತ್ರಕ್ಕೆ ಕಣೋ!"

"ಹಾಗಂತ ನ್ಯಾಯಾಧೀಶರಿಗೆ ನೀವೇ ಹೇಳಿ, ಧಣಿ."

ಕ್ವಾಶ ಗೇಟು ದಾಟಿದ.

ಚಿತ್ರಗಾರ ಕುಂಚ ಎತ್ತಿದ. "ಈಗ ಮುಖ, ಸ್ವಾಮಿ. ಸ್ವಲ್ಪ ಉದಾರವಾಗಿ ನಗಿ."