ಹಲಗೆಯಿಂದ ಇಳಿದ ಗಾಣಿಗ

"ಗುರುಗಳೆ, ಈ ಸೊಂಟನೋವು ಪೂರ್ತಿ ವಾಸಿಯಾದ ಮೇಲೆ ನಡೆಯಲು ಶುರುಮಾಡಿದರೆ ಆಗುವುದಿಲ್ಲವೆ?" ಎಂದು ಕರಿಬಸಯ್ಯ ಕೇಳಿದ.

ಕರಿಬಸಯ್ಯ ಮಠದಲ್ಲಿ ಹಳೆಯ ಓಲೆಗರಿಗಳನ್ನು ನೋಡಿ ಪ್ರತಿ ಮಾಡುವ ಶಿಷ್ಯ. ಬೆಳಗಿನಿಂದ ಸಂಜೆಯವರೆಗೆ ಕುಳಿತೇ ಕೆಲಸ. ಕುಳಿತು ಕುಳಿತು ಹೊಟ್ಟೆ ಮುಂದೆ ಬಂದಿತ್ತು, ಸೊಂಟ ಹಿಡಿದುಕೊಂಡಿತ್ತು. ಔಷಧಿ ಕೊಡುವ ಪಂಡಿತರು ಮೈ ಇಳಿಸು ಎಂದಿದ್ದರು. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದಿಷ್ಟು ನಡೆ ಎಂದು ಗುರುಗಳು ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದರು. ಅವನು ಸೊಂಟದ ಮೇಲೆ ಕೈಯಿಟ್ಟು ತೋರಿಸುತ್ತಲೇ ಇದ್ದ. ಅವನಿಗೆ ನೋವಿದ್ದದ್ದು ನಿಜ. ಎಲ್ಲರೂ ತನ್ನನ್ನು ಮೈಗಳ್ಳ ಎಂದುಕೊಂಡಿದ್ದಾರೆ ಎಂಬ ಸಂಕಟವೂ ನಿಜ. ಆದರೆ ಅದೇ ಮಾತನ್ನು ನಾಲ್ಕು ತಿಂಗಳು ಕೇಳಿದ ಗುರುಗಳಿಗೂ ಸಾಕುಸಾಕಾಗಿತ್ತು. ಆಗುತ್ತದೆ ಎಂದರೆ ಅವನು ಕೂತಲ್ಲಿಂದ ಏಳುವುದಿಲ್ಲ, ಆಗುವುದಿಲ್ಲ ಎಂದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಹಾಗಾಗಿ ಅವರು ಎರಡನ್ನೂ ಹೇಳದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಂದು ಗಾಣ, ಒಂದು ಎತ್ತು, ಜೊತೆಗೆ ದುಡಿಯುವ ಹೆಂಡತಿ. ಗಾಣವೆಂದರೆ ದೊಡ್ಡದೊಂದು ಕಲ್ಲಿನ ಒರಳು, ಅದರೊಳಗೆ ಓರೆಯಾಗಿ ನಿಂತ ದಪ್ಪ ಮರದ ಒನಕೆ, ಅದಕ್ಕೆ ಸೇರಿದ ಒಂದು ಅಡ್ಡಹಲಗೆ. ಹಲಗೆಯ ಮೇಲೆ ಭಾರವಿದ್ದರೆ ಒನಕೆ ಒತ್ತುತ್ತದೆ. ಎತ್ತು ಹಲಗೆಯನ್ನು ಎಳೆದುಕೊಂಡು ಸುತ್ತಿದರೆ ಕಾಳು ಅರೆದು ಎಣ್ಣೆ ಇಳಿಯುತ್ತದೆ. ಗಾಣಿಗ ಹಲಗೆಯ ಮೇಲೆ ಮೂರು ಗುಂಡುಕಲ್ಲು ಹೇರಿ ಎತ್ತಿನ ಹಿಂದೆ ತಾನೂ ನಡೆಯುತ್ತಿದ್ದ. ಸಂಜೆಯ ಹೊತ್ತಿಗೆ ಎತ್ತು ಎಷ್ಟು ನಡೆದಿರುತ್ತಿತ್ತೋ ಅವನೂ ಅಷ್ಟೇ ನಡೆದಿರುತ್ತಿದ್ದ.

ಒಂದು ದಿನ ಕುಸುಬೆಯ ಚೀಲ ಎತ್ತುವಾಗ ಅವನ ಸೊಂಟದಲ್ಲಿ ಏನೋ ಚಳಕ್ ಎಂದಿತು. ಹದಿನೈದು ದಿನ ಮಲಗಿದ. ಎದ್ದ ಮೇಲೂ ನೋವು ಬಿಡಲಿಲ್ಲ. ನಾಲ್ಕು ದಿನವಿದ್ದು ಹೋಗುತ್ತೇನೆಂದು ಬಂದ ನೆಂಟ ಕೋಣೆ ಹಿಡಿದು ಕೂತ ಹಾಗೆ ಅದು ಸೊಂಟದಲ್ಲಿ ಕೂತಿತು.

ಈಗ ಗುಂಡುಕಲ್ಲು ಎತ್ತುವವರಾರು? ಪ್ರತಿ ಸಲ ಎಣ್ಣೆ ಇಳಿದು ಉಳಿದ ಹಿಂಡಿ ತೆಗೆಯುವಾಗ ಕಲ್ಲು ಇಳಿಸಬೇಕು, ಹೊಸ ಕಾಳು ಹಾಕಿದಾಗ ಮತ್ತೆ ಹೇರಬೇಕು. ಗಾಣಿಗ ಯೋಚನೆ ಮಾಡಿ ಸುಲಭದ ದಾರಿ ಕಂಡುಕೊಂಡ. ಕಲ್ಲುಗಳನ್ನು ಗೋಡೆಯ ಪಕ್ಕಕ್ಕೆ ಉರುಳಿಸಿ, ಹಲಗೆಯ ಮೇಲೆ ತಾನೇ ಕೂತುಬಿಟ್ಟ. ಗಾಣಕ್ಕೆ ಬೇಕಾದದ್ದು ಭಾರ, ಅದು ಕಲ್ಲಿನದೋ ಮನುಷ್ಯನದೋ ಎಂದು ಒರಳೇನೂ ಕೇಳುವುದಿಲ್ಲ. ಎಣ್ಣೆ ಮೊದಲಿನಂತೆ ಇಳಿಯಿತು.

ಕೂತವನಿಗೆ ಕೈಯಳತೆಯಲ್ಲೇ ಎಳ್ಳಿನ ಹಸಿ ಹಿಂಡಿ ಇರುತ್ತಿತ್ತು. ಅದಕ್ಕೊಂದು ಚೂರು ಬೆಲ್ಲ ಸೇರಿಸಿ ಬಾಯಿಗೆ ಹಾಕಿಕೊಳ್ಳುವುದು ಅಭ್ಯಾಸವಾಯಿತು. ವರ್ಷ ಎರಡಾಯಿತು, ಮೂರಾಯಿತು, ಗಾಣಿಗ ಊದಿಕೊಂಡ. ಗ್ರಹಚಾರ ನೋಡಿ, ಅವನು ದಪ್ಪವಾದಷ್ಟೂ ಒನಕೆ ಹೆಚ್ಚು ಒತ್ತಿ ಹಿಂಡಿ ಒಣಗತೊಡಗಿತು. ಈ ಗಾಣದ ಹಿಂಡಿಯಲ್ಲಿ ಜಿಡ್ಡೇ ಉಳಿಯುವುದಿಲ್ಲ, ಎಣ್ಣೆಯೆಲ್ಲ ನಮ್ಮ ಪಾತ್ರೆಗೇ ಬರುತ್ತದೆ ಎಂದು ಕಾಳು ತಂದವರು ಹೊಗಳಿದರು. ಮೈ ಬಂದದ್ದನ್ನು ಗಾಣಿಗ ತನ್ನ ಕಸುಬಿನ ಹೆಚ್ಚುಗಾರಿಕೆ ಎಂದೇ ತಿಳಿದ.

ಆದರೆ ಮೈ ಏರಿದ ಹಾಗೆ ಸೊಂಟದ ನೋವೂ ಏರಿತು. ಆಗ ಶುರುವಾಯಿತು ಊರಿನವರ ಉಪದೇಶ. ಒಬ್ಬ ಬರಿ ಹಲಗೆಯ ಮೇಲೆ ಮಲಗು ಅಂದ. ಇನ್ನೊಬ್ಬ ಹತ್ತಿಯ ಹಾಸಿಗೆ ಇಲ್ಲದೆ ಮಲಗಲೇಬೇಡ ಅಂದ. ಒಬ್ಬ ಬಗ್ಗಬೇಡ ಅಂದ, ಮತ್ತೊಬ್ಬ ದಿನಾ ನೂರು ಸಲ ಬಗ್ಗಿ ಏಳು ಅಂದ. ಅನ್ನ ಬಿಡು ಎಂದವರೆಷ್ಟೋ, ಅನ್ನ ಬಿಟ್ಟರೆ ನರ ಒಣಗುತ್ತದೆ ಎಂದು ಹೆದರಿಸಿದವರೆಷ್ಟೋ. ಜನ್ಮದಲ್ಲಿ ಒಂದು ದಿನ ಸೊಂಟ ನೋಯದವರೇ ಹೆಚ್ಚು ಮಾತಾಡಿದರು. ಗಾಣಿಗ ಒಬ್ಬೊಬ್ಬರು ಹೇಳಿದ್ದನ್ನು ಮೂರು ಮೂರು ದಿನ ಮಾಡಿ ನೋಡಿ ರೋಸಿಹೋದ.

ಕೊನೆಗೆ ಪಂಡಿತರ ಹತ್ತಿರ ಹೋದ. ಅವರು ಅವನನ್ನು ನಿಲ್ಲಿಸಿ, ಕೂರಿಸಿ, ಕಾಲು ಎತ್ತಿಸಿ ನೋಡಿದರು. ಕಾಲಿಗೆ ಜೋಮು ಇಳಿದಿಲ್ಲ, ಮೂಳೆ ಮುರಿದಿಲ್ಲ, ಮೈ ಇಳಿಸಿದರೆ ಸೊಂಟದ ಮೇಲಿನ ಹೊರೆ ತಗ್ಗುತ್ತದೆ ಅಂದರು. ಮೈ ಇಳಿಯುವುದು ಹೇಗೆ ಎಂದು ಕೇಳಿದ. ಹಿಂಡಿ ಬೆಲ್ಲ ಬಿಟ್ಟು ದಿನಾ ಸ್ವಲ್ಪ ನಡೆ ಅಂದರು. ನಡೆದರೆ ಸೊಂಟ ನೋಯುತ್ತದೆ ಅಂದ. ಮೈ ಇಳಿಸು, ಸೊಂಟಕ್ಕೆ ಹಗುರವಾಗುತ್ತದೆ ಅಂದರು. ಗಾಣಿಗನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಪಂಡಿತರೆ, ನನ್ನೆತ್ತು ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು ಸುತ್ತುತೈತೆ. ನೀವು ಕಣ್ಣು ಬಿಟ್ಕೊಂಡೇ ಸುತ್ತುತೀರಲ್ಲ!" ಎಂದು ಹೇಳಿ ಎದ್ದು ಬಂದ.

ಬಂದವನು ಒಂದು ತೀರ್ಮಾನ ಮಾಡಿದ. ಮೊದಲು ನೋವು ಹೋಗಲಿ, ಆಮೇಲೆ ನಡೆಯುತ್ತೇನೆ. ತೀರ್ಮಾನ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಸೊಂಟ ಒತ್ತಿ ನೋಡಿಕೊಳ್ಳುತ್ತಿದ್ದ. ನೋವು ಇರುತ್ತಿತ್ತು. ಸರಿ, ಇವತ್ತಲ್ಲ ಎಂದುಕೊಂಡು ಹೋಗಿ ಹಲಗೆಯ ಮೇಲೆ ಕೂರುತ್ತಿದ್ದ. ಹೆಂಡತಿ ರೊಟ್ಟಿಯನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದಳು. ಅವನು ಎರಡು ರೊಟ್ಟಿ ತಿಂದು, ಅವಳು ಆಚೆ ತಿರುಗಿದಾಗ ಎರಡು ಹಿಡಿ ಹಿಂಡಿ ತಿಂದ. ಒಂದು ದಿನ ಅವಳು ಕೆಣಕಿದಳೆಂದು ರೋಷ ಬಂದು, ಎರಡು ಹರದಾರಿ ದೂರದ ಊರಿಗೆ ಒಂದೇ ಉಸಿರಿಗೆ ನಡೆದು ಹೋದ. ಬರುವಾಗ ಯಾರದೋ ಗಾಡಿಯಲ್ಲಿ ಮಲಗಿಕೊಂಡು ಬಂದ. ಎಂಟು ದಿನ ಏಳಲಿಲ್ಲ. ಮಲಗಿದಲ್ಲಿಂದಲೇ, ನೋಡಿದೆಯಾ, ನಾನು ಹೇಳಲಿಲ್ಲವಾ ಎಂದು ಗೆದ್ದವನಂತೆ ಹೇಳಿದ. ಮೂರು ವರ್ಷ ಕಾಲಾಡಿಸದವನು ಒಂದೇ ದಿನಕ್ಕೆ ಅಷ್ಟು ದೂರ ಹೋಗಬಾರದಿತ್ತು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಹೆಂಡತಿಗೆ ಹೊಳೆಯಿತು, ಆದರೆ ಅವಳಿಗೆ ಹೇಳಿ ಹೇಳಿ ಬಾಯಿ ಸೋತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಎತ್ತು ಸುತ್ತಿನ ನಡುವೆ ಮಂಡಿಯೂರಿತು. ಗಾಣಿಗ ಹಲಗೆಯಿಂದ ಜಾರಿ ಇಳಿದ. ಎತ್ತು ಒಂದು ಪಕ್ಕಕ್ಕೆ ಒರಗಿ ಮಲಗಿತು. ಹಿಂದಿನ ಎಡಗಾಲು ಎಳೆದುಕೊಳ್ಳಲು ನೋಡಿತು, ಆಗಲಿಲ್ಲ. ಅದು ಕರುವಾಗಿದ್ದಾಗಿನಿಂದ ಅವನ ಕೈಯಲ್ಲೇ ಬೆಳೆದದ್ದು. ತಾಯಿ ಸತ್ತಾಗ ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಂಡಿದವನು ಅವನು. ಅದು ಹೋದರೆ ಗಾಣ ನಿಲ್ಲುತ್ತದೆ ಎಂಬುದು ಅವನಿಗೆ ಆಮೇಲೆ ನೆನಪಾಯಿತು. ಮೊದಲು ಅವನು ಅದರ ಕಣ್ಣಿನ ಪಟ್ಟಿ ಬಿಚ್ಚಿ, ಪಕ್ಕದಲ್ಲಿ ಕುಕ್ಕರಿಸಿ ಅತ್ತ.

ದನಗಳಿಗೆ ಔಷಧಿ ಕೊಡುವ ಮುದುಕನೊಬ್ಬ ಬಂದ. ಎತ್ತಿನ ಬೆನ್ನು, ತೊಡೆ, ಗೊರಸು ಎಲ್ಲ ಮುಟ್ಟಿ ನೋಡಿದ. ಎಳೆದ ಭಾರಕ್ಕೆ ಇದರ ಹಿಂಭಾಗ ಸೋತಿದೆ, ಮುರಿದಿಲ್ಲ ಅಂದ. ನೊಗ ಇಡಬೇಡ, ಹಗ್ಗ ಹಿಡಿದು ದಿನಾ ಬೆಳಿಗ್ಗೆ ಸಂಜೆ ನಾಲ್ಕು ಹೆಜ್ಜೆ ನಡೆಸು, ನಾಳೆ ಐದು, ನಾಡಿದ್ದು ಆರು, ಕಾಲು ನಡುಗಿದರೆ ನಿಲ್ಲಿಸು ಅಂದ. ಗಾಣಿಗ ಎತ್ತಿನ ಬೆನ್ನು ಸವರಿದ.

"ಪಾಪ, ಅದಕ್ಕೆ ನೋವೈತಲ್ಲ ಅಜ್ಜ. ನೋವು ಹೋದ್ಮೇಲೆ ನಡೆಸಿದ್ರೆ ಆಗಲ್ವಾ?"

"ನೋವು ಹೋಗೋಗಂಟ ಮಲಗಿಸಿದ್ರೆ ಕಾಲೂ ಹೋಗ್ತೈತೆ ಕಣಪ್ಪ."

ಪಂಡಿತರಿಗೆ ಎದುರು ಮಾತಾಡಿದ ಗಾಣಿಗ ಈ ಮುದುಕನ ಮಾತಿಗೆ ಒಪ್ಪಿ ಹಗ್ಗ ಹುಡುಕಲು ಎದ್ದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿಗೆ ನಗುವುದೋ ಹಣೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ಎತ್ತಿನ ವಿಷಯದಲ್ಲಿ ಅಷ್ಟು ಬೇಗ ಅರ್ಥವಾದದ್ದು ಇವರಿಗೆ ತಮ್ಮ ವಿಷಯದಲ್ಲಿ ಮೂರು ವರ್ಷವಾದರೂ ಅರ್ಥವಾಗಲಿಲ್ಲವಲ್ಲ ಎಂದುಕೊಂಡಳು. ಬಾಯಿಬಿಟ್ಟು ಹೇಳಿದರೆ ಅವನು ಹಟಕ್ಕೆ ಬೀಳುತ್ತಾನೆ ಎಂದು ಸುಮ್ಮನಾದಳು. ಬುದ್ಧಿವಂತೆ.

ಮರುದಿನ ನಾಲ್ಕು ಜನ ಸೇರಿ ಎತ್ತನ್ನು ಎಬ್ಬಿಸಿದರು. ಅಲ್ಲಿಂದ ಮುಂದೆ ಗಾಣಿಗನದೇ ಕೆಲಸ. ಹಗ್ಗ ಹಿಡಿದು ಅದರ ಪಕ್ಕದಲ್ಲಿ ನಾಲ್ಕು ಹೆಜ್ಜೆ ಹಾಕಿದ. ಎತ್ತು ನಿಂತಿತು, ಅವನೂ ಸೊಂಟ ಹಿಡಿದು ನಿಂತ. ಮತ್ತೆ ನಾಲ್ಕು ಹೆಜ್ಜೆ. ಎತ್ತು ಬುಸುಗುಟ್ಟಿತು, ಅವನು ಅಮ್ಮಾ ಎಂದ. ನಿನಗೆ ಮಾತ್ರ ನೋವಾ, ನನಗಿಲ್ಲವಾ, ನಡಿ ಎಂದು ಅದನ್ನು ಗದರಿದ. ಮರುದಿನ ಐದು ಹೆಜ್ಜೆ. ವಾರ ಕಳೆದಾಗ ನೊಗವಿಲ್ಲದೆ ಗಾಣಕ್ಕೆ ಒಂದು ಸುತ್ತು. ತಿಂಗಳಿಗೆ ಹತ್ತು ಸುತ್ತು. ಕೆಲವು ದಿನ ಎತ್ತಿಗೆ ಆಗುತ್ತಿರಲಿಲ್ಲ, ಕೆಲವು ದಿನ ಅವನಿಗೆ ಆಗುತ್ತಿರಲಿಲ್ಲ. ಆಗದ ದಿನ ಕಡಿಮೆ ನಡೆದರು, ಆದರೆ ಒಂದು ದಿನವೂ ಪೂರ್ತಿ ಬಿಡಲಿಲ್ಲ. ಎತ್ತಿಗೆ ಎಷ್ಟು ಹೆಜ್ಜೆ ಏರಿತು ಎಂಬ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು. ತಾನು ಎಷ್ಟು ನಡೆದೆ ಎಂದು ಒಂದು ದಿನವೂ ಎಣಿಸಲಿಲ್ಲ. ಗಾಣ ನಿಂತಿದ್ದರಿಂದ ಹಸಿ ಹಿಂಡಿಯೂ ಇರಲಿಲ್ಲ. ಬೆಲ್ಲದ ಗಡಿಗೆ ಅಟ್ಟದ ಮೇಲೆ ಹೋಗಿತ್ತು, ಅದು ಹೆಂಡತಿಯ ಕೆಲಸ.

ಐದು ತಿಂಗಳಾದ ಮೇಲೆ ಮುದುಕ ಬಂದು ನೋಡಿ, ಇನ್ನು ಹೂಡಬಹುದು, ದಿನಕ್ಕೆ ಒಂದೇ ಒಬ್ಬೆ, ಒರಳಿಗೆ ಒಂದು ಸಲ ಹಿಡಿಸುವಷ್ಟು ಕಾಳು ಮಾತ್ರ ಅರೆಸು ಅಂದ. ಗಾಣಿಗ ಒರಳಿಗೆ ಕುಸುಬೆ ಸುರಿದು ಹಲಗೆಯ ಮೇಲೆ ಕೂತ. ಎತ್ತು ಸಲೀಸಾಗಿ ಸುತ್ತಿತು. ಆದರೆ ಎಣ್ಣೆ ಸರಿಯಾಗಿ ಇಳಿಯಲಿಲ್ಲ. ಹಿಂಡಿ ಹಿಡಿದರೆ ಕೈಗೆಲ್ಲ ಜಿಡ್ಡು. ಕಾಳು ತಂದವರು ಗೊಣಗಿದರು. ಗಾಣಿಗ ಕಾಳನ್ನು ಬೈದ, ಒರಳನ್ನು ಬೈದ, ಐದು ತಿಂಗಳು ನಿಂತು ಒನಕೆ ಸೊಟ್ಟಗಾಗಿದೆ ಎಂದು ಬಡಗಿಯನ್ನು ಕರೆಸಿದ. ಬಡಗಿ ಒನಕೆ ನೋಡಿದ, ಹಲಗೆ ನೋಡಿದ, ಕೊನೆಗೆ ಗಾಣಿಗನನ್ನು ನೋಡಿದ. ಗಾಣ ನೆಟ್ಟಗಿದೆ, ನೀನೇ ಸಾಲುವುದಿಲ್ಲ ಅಂದ.

ಗಾಣಿಗನಿಗೆ ಮೊದಲು ಸಿಟ್ಟು ಬಂತು. ಆಮೇಲೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡ. ಪಂಚೆಯ ಗಂಟು ಒಂದು ಗೇಣು ಒಳಗೆ ಬಂದಿತ್ತು, ಅವನು ಗಮನಿಸಿಯೇ ಇರಲಿಲ್ಲ. ಹೆಂಡತಿ ಒಳಗಿನಿಂದ ಒಂದು ಕಲ್ಲು ತಂದು ಹಲಗೆಯ ಮೇಲೆ ಅವನ ಪಕ್ಕದಲ್ಲಿ ಇಟ್ಟಳು. ಎಣ್ಣೆ ಇಳಿಯಿತು. ತಿಂಗಳು ಕಳೆದು ಇನ್ನೊಂದು ಕಲ್ಲು ಬೇಕಾಯಿತು. ಆಗ ಗಾಣಿಗ ತಾನೇ ಇಳಿದುಬಿಟ್ಟ. ಹಳೆಯ ಗುಂಡುಕಲ್ಲುಗಳ ಗೋಜಿಗೆ ಹೋಗದೆ, ಸೊಂಟಕ್ಕೆ ತಡೆಯುವಂಥ ಸಣ್ಣ ಕಲ್ಲುಗಳನ್ನು ಗಂಡಹೆಂಡತಿ ಒಂದೊಂದಾಗಿ ಬುಟ್ಟಿಗೆ ತುಂಬಿ ಹಲಗೆಗೆ ಕಟ್ಟಿದರು. ಅವನು ಎತ್ತಿನ ಹಿಂದೆ ನಡೆದ. ಎತ್ತು ಇನ್ನೂ ಏಳು ವರ್ಷ ಬಾಳಿತು. ಅದು ಹೋದ ಮೇಲೆ ಅವನು ಇನ್ನೊಂದನ್ನು ಕಟ್ಟಿ, ಈಗಲೂ ಅದರ ಹಿಂದೆ ನಡೆಯುತ್ತಿದ್ದಾನೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕರಿಬಸಯ್ಯ ಕತೆಯನ್ನು ಮನಸ್ಸಿಟ್ಟೇ ಕೇಳಿದ್ದ. ಎತ್ತು ಉಳಿದದ್ದಕ್ಕೆ ಅವನಿಗೆ ಸಮಾಧಾನವಾಗಿತ್ತು. ಆದರೆ ಮುಖ್ಯವಾದ ಒಂದು ವಿಷಯವನ್ನು ಗುರುಗಳು ಮರೆತರು ಎನ್ನಿಸಿತು. ಕೂತಲ್ಲೇ ಮೈ ಹೊರಳಿಸಿ, ಸೊಂಟವನ್ನು ಗೋಡೆಗೆ ಆನಿಸಿಕೊಂಡು ಕೇಳಿದ.

"ಗಾಣಿಗನ ಸೊಂಟನೋವು ಎಷ್ಟು ದಿನಕ್ಕೆ ಹೋಯಿತು ಗುರುಗಳೆ?"

"ಹೋಗಿಲ್ಲ ಕರಿಬಸಯ್ಯ, ಅದೂ ಅವನ ಜೊತೆಗೇ ನಡೆಯುತ್ತಿದೆ."

ಕರಿಬಸಯ್ಯ ಗೋಡೆಗೆ ಆನಿಸಿದ್ದ ಸೊಂಟವನ್ನು ಹಿಡಿದುಕೊಂಡೇ ಎದ್ದು ನಿಂತ.